ಜೀವ ಇದ್ದವರಿಗೆ ಹೊದಿಕೆಯಿಲ್ಲ

ಆ ಊರಿನಲ್ಲಿ ಬಟ್ಟೆಯ ಗುಡ್ಡಗಳಿದ್ದವು. ಆ ಊರಿನಲ್ಲೇ ಜನ ಚಳಿಗೆ ಹಲ್ಲು ಕಟಕಟ ಕಡಿಯುತ್ತಾ ಬದುಕುತ್ತಿದ್ದರು. ಎರಡೂ ನಿಜ. ಅದು ಹೇಗೆ ಅಂತ ಹುಬ್ಬು ಹಾರಿಸಬೇಡಿ, ಸ್ವಲ್ಪ ತಾಳಿ, ಹೇಳುತ್ತೇನೆ.

ಕಡಲಿನಾಚೆಯ ಜನ ಒಂದು ಅಂಗಿಯನ್ನು ನಾಲ್ಕು ಸಲ ತೊಟ್ಟರೆ ಅವರಿಗೆ ಬೇಜಾರಾಗುತ್ತಿತ್ತು. ಬಿಸಾಡಲು ಮನಸ್ಸು ಬರುತ್ತಿರಲಿಲ್ಲ, ಪಾಪ, ಒಳ್ಳೆಯ ಜನ. ನೀಟಾಗಿ ಮಡಿಚಿ ಒಂದು ಪೆಟ್ಟಿಗೆಗೆ ಹಾಕಿ, ಯಾರಿಗಾದರೂ ಆಗಲಿ ಅಂದುಕೊಂಡು ಹಗುರಾಗಿ ಮನೆಗೆ ಹೋಗುತ್ತಿದ್ದರು. ಹೋಗುವ ದಾರಿಯಲ್ಲೇ ಇನ್ನೊಂದು ಕೊಳ್ಳುತ್ತಿದ್ದರು. ಪೆಟ್ಟಿಗೆಯ ಬಟ್ಟೆ ಮೂಟೆಯಾಗಿ, ಮೂಟೆ ಹಡಗು ಹತ್ತಿ, ಹಡಗಿನಿಂದ ಲಾರಿಗೆ ಬಿದ್ದು, ಕೊನೆಗೆ ಈ ಊರಿನ ಬಯಲಿಗೆ ಬಂದು ಉರುಳುತ್ತಿತ್ತು. ಕೆಂಪು ಒಂದು ಗುಡ್ಡ, ನೀಲಿ ಒಂದು ಗುಡ್ಡ, ಕಪ್ಪು ಒಂದು, ಹಸಿರು ಒಂದು. ಹೆಂಗಸರು ಗುಡ್ಡದ ಬುಡದಲ್ಲಿ ಈಳಿಗೆಮಣೆ ಮೆಟ್ಟಿ ಕೂತು ಗುಂಡಿ ಕೀಳುತ್ತಿದ್ದರು, ಜಿಪ್ಪು ಕೀಳುತ್ತಿದ್ದರು, ಕತ್ತಿನ ಹಿಂದಿನ ಚೀಟಿ ಕೀಳುತ್ತಿದ್ದರು, ಆಮೇಲೆ ಸರ್ರನೆ ಸೀಳುತ್ತಿದ್ದರು. ಸೀಳಿದ್ದನ್ನು ಮುಳ್ಳುರುಳೆ ಅನ್ನುವ ಯಂತ್ರ ಅಗಿದು ಅರಳೆ ಮಾಡುತ್ತಿತ್ತು. ಅರಳೆ ನೂಲಾಗುತ್ತಿತ್ತು. ನೂಲು ಕಂಬಳಿಯಾಗುತ್ತಿತ್ತು. ನೂಲಾಗಲು ಒಪ್ಪದ ಬಟ್ಟೆ ಬಣ್ಣದ ಹಂಡೆಗಳ ಕೆಳಗೆ ಸೌದೆಯಾಗುತ್ತಿತ್ತು, ಅದರ ಹೊಗೆ ಊರಿನ ಮೇಲೆ ಕೂತರೆ ಏಳುತ್ತಿರಲಿಲ್ಲ. ಹಂಡೆಯ ನೀರು ಹೊಳೆಗೆ ಹೋಗುತ್ತಿತ್ತು. ಹೊಳೆ ಸೋಮವಾರ ಕೆಂಪಾಗಿ, ಮಂಗಳವಾರ ನೀಲಿಯಾಗಿ ಹರಿಯುತ್ತಿತ್ತು. ಅದರಲ್ಲಿ ಮೀನು ಇತ್ತಂತೆ. ಯಾರ ಅಜ್ಜಿಯೋ ತಿಂದಿದ್ದಳಂತೆ.

ಆ ಕಂಬಳಿಗಳೆಲ್ಲ ದೂರದ ದುಃಖಿಗಳಿಗೆ. ಎಲ್ಲಾದರೂ ಊರು ಮುಳುಗಿದರೆ, ಎಲ್ಲಾದರೂ ನೆಲ ನಡುಗಿದರೆ, ಅಲ್ಲಿಗೆ ಲಾರಿ ತುಂಬ ಕಂಬಳಿ. ಊರಿನವರಿಗೆ ಮಾತ್ರ ಇಲ್ಲ. ಬಂದ ಬಟ್ಟೆಯನ್ನು ತೊಡುವಂತಿಲ್ಲ, ನೇಯ್ದ ಕಂಬಳಿಯನ್ನು ಹೊದೆಯುವಂತಿಲ್ಲ. ವರ್ಷಕ್ಕೊಮ್ಮೆ ತಲೆಗೊಂದು ಗೋಣಿಯಂಥ ಅಂಗಿ ಕೊಡುತ್ತಿದ್ದರು, ಅಷ್ಟೇ. ಜೀವ ಇದ್ದವರಿಗೆ ಹೊದಿಕೆಯಿಲ್ಲ ಅನ್ನುವುದು ಆ ಊರಿನ ಕಟ್ಟಳೆ.

ಸತ್ತರೆ ಉಂಟು. ಸತ್ತವರಿಗೆ ಒಂದು ಒಳ್ಳೇ ದಪ್ಪ ಕಂಬಳಿ ಹೊದಿಸಿ ಮೂರು ದಿನ ಮನೆಯಲ್ಲೇ ಮಲಗಿಸುತ್ತಿದ್ದರು. ಮೂರನೇ ದಿನ ತೆಪ್ಪದ ಮೇಲೆ ಹೊಳೆಯಾಚೆಗೆ ಸಾಗಿಸುತ್ತಿದ್ದರು. ಆಚೆ ದಡದಲ್ಲಿ ಹುಲ್ಲಿಲ್ಲ, ಮರವಿಲ್ಲ, ಬಣ್ಣಬಣ್ಣದ ಉಪ್ಪು ಕಟ್ಟಿದ ನೆಲ. ಅಲ್ಲಿ ದೇಹವನ್ನು ಇಳಿಸಿ, ಕಂಬಳಿ ಬಿಚ್ಚಿಕೊಂಡು ವಾಪಸು ತಂದು ಮುಳ್ಳುರುಳೆಗೆ ಹಾಕುತ್ತಿದ್ದರು. ತೆಪ್ಪ ಆಚೆಗೆ ಜನರನ್ನು ಒಯ್ಯುತ್ತಿತ್ತು, ಈಚೆಗೆ ಬಟ್ಟೆಯನ್ನು ಮಾತ್ರ ತರುತ್ತಿತ್ತು. ಆ ಊರಿನಲ್ಲಿ ಏನನ್ನೂ ಹಾಳು ಮಾಡುತ್ತಿರಲಿಲ್ಲ ನೋಡಿ.

ಕೆಂಪು ಗುಡ್ಡದ ಬುಡದಲ್ಲಿ ಒಬ್ಬಳು ಕೂರುತ್ತಿದ್ದಳು. ಕೆಂಪು ರಾಶಿಯವಳು ಅಂತಲೇ ಎಲ್ಲರೂ ಕರೆಯುತ್ತಿದ್ದರು. ಅವಳಷ್ಟು ವೇಗದ ಕೈ ಊರಿನಲ್ಲಿ ಇನ್ನೊಂದಿರಲಿಲ್ಲ. ಅವಳು ಬಟ್ಟೆಯನ್ನು ನೋಡುತ್ತಲೇ ಇರಲಿಲ್ಲ. ಬೆರಳು ತಾಕಿದರೆ ಸಾಕು, ಗುಂಡಿ ಎಲ್ಲಿ, ಹೊಲಿಗೆ ಎಲ್ಲಿ ಗೊತ್ತಾಗುತ್ತಿತ್ತು. ಮದುವೆಯ ಲಂಗ, ಮಗುವಿನ ಟೋಪಿ, ಯಾವುದೋ ಸೈನಿಕನ ಕೋಟು, ಎಲ್ಲ ಅವಳಿಗೆ ಒಂದೇ. ಕೆಂಪು ರಾಶಿಯವರೆಲ್ಲ ಕೆಂಪು ನಾರು ಕೆಮ್ಮುತ್ತಿದ್ದರು, ನೀಲಿ ರಾಶಿಯವರು ನೀಲಿ. ಇವಳೂ ಕೆಮ್ಮುತ್ತಿದ್ದಳು, ಕೆಮ್ಮುತ್ತಲೇ ಸೀಳುತ್ತಿದ್ದಳು. ಗಂಡ ಎಂದೋ ತೆಪ್ಪ ಹತ್ತಿ ಹೋಗಿದ್ದ. ಉಳಿದವಳು ಒಬ್ಬಳು ಮಗಳು, ಒಂಬತ್ತು ವರ್ಷದವಳು, ಬಾಯಿ ಬಡಕಿ.

ಆ ವರ್ಷದ ಚಳಿ ಎಂಥ ಚಳಿ ಅಂತೀರಿ! ಹಂಡೆಯಿಂದ ಹೊರಬಿದ್ದ ನೀರು ಹೊಳೆ ಸೇರುವ ಮೊದಲೇ ತಣ್ಣಗೆ ಕೊರೆಯುತ್ತಿತ್ತು. ಮಗಳಿಗೆ ಜ್ವರ ಹಿಡಿಯಿತು. ಬಾಯಿ ಬಡಕಿಯ ಬಾಯಿ ಕಟ್ಟಿತು. ಒಂದು ದಿನ, ಎರಡು ದಿನ, ಐದು ದಿನ, ಹುಡುಗಿ ಚಾಪೆಯ ಮೇಲೆ ಮುದುಡಿಕೊಂಡು ಬರೀ ನಡುಗಿದಳು. ತಾಯಿ ಅವಳನ್ನು ಅವಚಿಕೊಂಡು ಮಲಗಿದರೂ ನಡುಕ ನಿಲ್ಲಲಿಲ್ಲ. ಆರನೇ ದಿನ ಅವಳು ರಾಶಿಯ ಯಜಮಾನನ ಮುಂದೆ ಹೋಗಿ ನಿಂತಳು.

"ಯಜಮಾನ್ರೇ, ಒಂದು ಕಂಬಳಿ ಬೇಕಿತ್ತು. ಮಗಳಿಗೆ."

"ಊರು ಮುಳುಗಿತಾ?"

"ಇಲ್ಲ."

"ಬೆಂಕಿ ಬಿತ್ತಾ? ಭೂಕಂಪ ಆಯ್ತಾ?"

"ಅದೇನೂ ಇಲ್ಲ. ಮಗು ಒಂದೇ ಸಮ ನಡುಗ್ತಿದೆ."

ಯಜಮಾನ ಕೆಟ್ಟವನಲ್ಲ. ಎಂದೂ ಯಾರ ಮೇಲೂ ಕೂಗಾಡಿದವನಲ್ಲ. ಅವನ ಮೆತ್ತನೆಯ ಮಾತು ಕೇಳಿದರೆ ಬೇಡಲು ಬಂದವರಿಗೇ ನಾಚಿಕೆಯಾಗಬೇಕು, ಅಂಥವನು. "ನೋಡು ತಾಯಿ," ಅಂದ, "ಕಂಬಳಿ ಕಷ್ಟದಲ್ಲಿರೋರಿಗೆ. ನಿಂಗೇನು ಕಷ್ಟ? ಕೈತುಂಬ ಕೆಲಸ ಇದೆ."

"ಒಂದು ಹಳೇ ಕೋಟಾದ್ರೂ ಕೊಡಿ. ಬಯಲಲ್ಲಿ ಅಷ್ಟು ಬಿದ್ದಿವೆ. ಚಳಿ ಕಳೆದ ಮೇಲೆ ನಾನೇ ಸೀಳಿ ಹಾಕ್ತೀನಿ."

"ಛೆ ಛೆ. ಸೀಳೋಕೆ ಅಂತ ಬಂದಿದ್ದನ್ನ ತೊಡೋದಾ? ಇವತ್ತು ನಿನ್ನ ಮಗಳು ತೊಟ್ಟರೆ ನಾಳೆ ಊರೇ ತೊಡುತ್ತೆ. ಆಮೇಲೆ ಸೀಳೋದಕ್ಕೆ ಏನಿರುತ್ತೆ, ನೀನೇ ಹೇಳು."

ಅವಳು ಬಂದು ಈಳಿಗೆಯ ಮುಂದೆ ಕೂತಳು. ಅವತ್ತು ಮೂಟೆಯಲ್ಲಿ ಬಂದದ್ದು ಬರೀ ಮಕ್ಕಳ ಉಣ್ಣೆ ಅಂಗಿಗಳು. ಒಂದೊಂದೂ ಅವಳ ಮಗಳ ಅಳತೆಯದೇ. ಅವಳು ಸಂಜೆಯವರೆಗೆ ನೂರಾರು ಸೀಳಿ ಹಾಕಿದಳು.

ಪಕ್ಕದಲ್ಲಿ ಕೂರುವವಳು ನೀಲಿ ರಾಶಿಯವಳು, ಇವಳ ಗೆಳತಿ, ಗಂಡ ಸತ್ತು ಎರಡು ತಿಂಗಳಾಗಿತ್ತು. ಅವಳು ಅಂದಳು, "ಸುಮ್ನೆ ಯಾಕೆ ಹೋಗಿ ಬಾಯಿ ನೋಯಿಸ್ಕೊಂಡೆ? ಸತ್ರೆ ಮಾತ್ರ ಕೊಡ್ತಾರೆ ಕಣೇ ಇವರು. ನಮ್ಮನೆಯವರಿಗೆ ಹೊದಿಸಿದ್ರಲ್ಲ, ಎಂಥ ದಪ್ಪ ಅಂತೀಯಾ! ಇದ್ದಾಗ ಪುಣ್ಯಾತ್ಮ ಅದರ ಅಂಚು ಮುಟ್ಟಿರಲಿಲ್ಲ. ಮೂರು ದಿನ ರಾಜನ ಹಾಗೆ ಮಲಗಿದ್ರು."

"ಮೂರು ದಿನ," ಅಂದಳು ಕೆಂಪು ರಾಶಿಯವಳು. ಅವಳ ಕೈ ನಿಂತಿತು. ಆ ಕೈ ನಿಂತದ್ದನ್ನು ಗೆಳತಿ ನೋಡಿದ್ದು ಅದೇ ಮೊದಲು.

ಈಗ ಅವಳು ಯೋಚಿಸಿದ್ದನ್ನು ಕೇಳಿ ನಗಬೇಡಿ. ಬೇರೆ ಯಾವ ಊರಿನ ತಾಯಿಗೂ ಈ ಯೋಚನೆ ಹೊಳೆಯುತ್ತಿರಲಿಲ್ಲ. ಹುಟ್ಟಿದಾಗಿನಿಂದ ಅವಳು ಕಂಡದ್ದೇನು? ಸತ್ತ ಕೋಟು ನೂಲಾಗಿ ಏಳುತ್ತದೆ, ನೂಲು ಕಂಬಳಿಯಾಗಿ ಏಳುತ್ತದೆ, ಹರಿದ ಕಂಬಳಿ ಮತ್ತೆ ಅರಳೆಯಾಗಿ ಏಳುತ್ತದೆ. ಸತ್ತದ್ದು ಸತ್ತೇ ಉಳಿಯುವುದನ್ನು ಆ ಬಯಲಿನಲ್ಲಿ ಅವಳು ಕಂಡೇ ಇರಲಿಲ್ಲ. ಮಗಳು ಮೂರು ದಿನ ಸತ್ತರೇನಂತೆ, ಬೆಚ್ಚಗೆ ಮಲಗಿ ಜ್ವರ ಬಿಟ್ಟ ಮೇಲೆ ಎದ್ದರಾಯಿತು ಅಂದುಕೊಂಡಳು. ಅಯ್ಯೋ ಮರುಳೇ, ಅದು ಬಟ್ಟೆಗೆ ಕಣೇ, ನಿಮಗಲ್ಲ ಅಂತ ಹೇಳುವವರು ಯಾರೂ ಇರಲಿಲ್ಲ.

ಆ ಊರಿನಲ್ಲಿ ಯಾರಾದರೂ ಸತ್ತರೆ ಉಸಿರು ನೋಡುವವನು ಬರುತ್ತಿದ್ದ. ಒಂದು ಎಳೆ ಅರಳೆಯನ್ನು ಮೂಗಿನ ಹತ್ತಿರ ಹಿಡಿದು ಹತ್ತಿರದ ಬಂಧುವನ್ನು ಮೂರು ಸಲ ಕೇಳುತ್ತಿದ್ದ. ಮೂರು ಸಲವೂ ಬಂಧು ಇಲ್ಲ ಅನ್ನಬೇಕು. ಅರಳೆ ಅಲ್ಲಾಡಬಾರದು. ಅಷ್ಟಾದರೆ ಸತ್ತಂತೆ.

ಮರುದಿನ ತಾಯಿ ಬೆಳಿಗ್ಗೆಯಿಡೀ ಮಗಳಿಗೆ ಕಲಿಸಿದಳು. "ಉಸಿರು ಹಿಡ್ಕೋ ಪುಟ್ಟಿ. ನಾನು ಮೂರು ಸಲ ಇಲ್ಲ ಅನ್ನೋವರೆಗೂ ಬಿಡಬೇಡ."

"ಕೆಮ್ಮು ಬಂದ್ರೆ?"

"ನುಂಗು."

"ಆಮೇಲೆ ಕಂಬಳಿ ನಂದಾ?"

"ನಿಂದೇ."

ಹುಡುಗಿ ಹಿಡಿದಳು, ಬಿಟ್ಟಳು, ಹಿಡಿದಳು, ಕೆಮ್ಮಿದಳು, ಕೆಂಪು ನಾರು ಉಗಿದಳು, ಮತ್ತೆ ಹಿಡಿದಳು. ಮಧ್ಯಾಹ್ನದ ಹೊತ್ತಿಗೆ ಅವಳಿಗೆ ಸಾಯಲು ಚೆನ್ನಾಗಿ ಬಂದಿತ್ತು. ತಾಯಿ ಹೊರಗೆ ಬಂದು ಎದೆ ಬಡಿದುಕೊಂಡು ಅತ್ತಳು. ಅಳುವುದಕ್ಕೆ ಅವಳೇನೂ ನಾಟಕ ಮಾಡಬೇಕಾಗಿರಲಿಲ್ಲ.

ಉಸಿರು ನೋಡುವವನು ಬಂದ. ಆ ಚಳಿಯಲ್ಲಿ ಅವನಿಗೆ ಬಿಡುವೇ ಇರಲಿಲ್ಲ, ಬೆಳಗಿನಿಂದ ಇದು ಐದನೇ ಮನೆ. ಅರಳೆ ಹಿಡಿದ.

"ಉಸಿರುಂಟೇ?"

"ಇಲ್ಲ."

"ಉಸಿರುಂಟೇ?"

ಹುಡುಗಿಯ ಗಂಟಲು ಒಮ್ಮೆ ಉಬ್ಬಿತು. ಕೆಮ್ಮು ಮೇಲೆ ಬಂದು ಅಲ್ಲೇ ಇಳಿಯಿತು.

"ಇಲ್ಲ, ಇಲ್ಲ!" ಅವನು ಮೂರನೆಯದು ಕೇಳುವ ಮೊದಲೇ ತಾಯಿ ಹೇಳಿಬಿಟ್ಟಳು. ಅವನು ತಲೆ ಎತ್ತಿ ಅವಳನ್ನು ನೋಡಿದ. ಅರಳೆಯನ್ನು ಜೇಬಿಗೆ ಹಾಕಿಕೊಂಡ. ಅವನಿಗೆ ಗೊತ್ತಾಗಲಿಲ್ಲವೇ ಅಂದರೆ, ಗೊತ್ತಾಗದೆ ಏನು. ಆರನೇ ಮನೆಯಿಂದ ಕರೆ ಬಂದಿತ್ತು, ಹೋದ.

ಇನ್ನೊಂದು ಕೆಲಸವಿತ್ತು. ಸತ್ತವರ ಬಟ್ಟೆಯನ್ನು ಹೊತ್ತು ಮುಳುಗುವುದರೊಳಗೆ ಬಂಧುವೇ ಸೀಳಿ ಮುಳ್ಳುರುಳೆಗೆ ಕೊಡಬೇಕು. ಮಗಳಿಗೆ ಇದ್ದದ್ದು ಒಂದೇ ಅಂಗಿ. ತಾಯಿ ಅದನ್ನು ಬಿಚ್ಚಿ, ಕಂಬಳಿ ಹೊದಿಸಿ, ಅಂಗಿಯನ್ನು ಈಳಿಗೆಗೆ ಒಯ್ದಳು. ಅವತ್ತು ಅವಳು ಬಟ್ಟೆಯನ್ನು ನೋಡಿದಳು. ಮೊಣಕೈ ಹತ್ತಿರ ಸವೆದಿತ್ತು, ಕತ್ತಿನ ಬಳಿ ಬೆವರಿನ ಕರೆಯಿತ್ತು. ಕೈಗೆ ಅಭ್ಯಾಸ, ಸೀಳಿತು. ಉರುಳೆ ಒಂದು ಸಲ ಗರ್ ಅಂದಿತು, ಅಂಗಿ ಮುಗಿಯಿತು.

ಆದರೆ ಮನೆಗೆ ಬಂದು ನೋಡಿದರೆ ನಡುಕ ನಿಂತಿತ್ತು. ಹುಡುಗಿ ಮೂಗಿನವರೆಗೆ ಕಂಬಳಿ ಎಳೆದುಕೊಂಡು ಎರಡು ಕಣ್ಣು ಮಾತ್ರ ಹೊರಗಿಟ್ಟಿದ್ದಳು. "ಅಮ್ಮಾ, ಎಷ್ಟು ಬೆಚ್ಚಗಿದೆ ಗೊತ್ತಾ? ನೀನೂ ಬಾರೇ ಒಳಗೆ," ಅಂದಳು. ತಾಯಿ ಕಂಬಳಿಯ ಹೊರಗೇ ಮಲಗಿ ಅವಳ ತಲೆ ಸವರಿದಳು. ಒಂದು ದಿನ ಕಳೆಯಿತು, ಬೆವರು ಬಂತು. ಎರಡು ದಿನ ಕಳೆಯಿತು, ಗಂಜಿ ಕುಡಿದಳು. ಮೂರನೇ ದಿನ ಬೆಳಿಗ್ಗೆ ಎದ್ದು ಕೂತು, ಕಂಬಳಿ ಸುತ್ತಿಕೊಂಡೇ ಬಾಗಿಲಿಗೆ ಬಂದು, "ಹಸಿವು ಹಸಿವು" ಅಂತ ಬೊಬ್ಬೆ ಹೊಡೆದಳು. ಬಾಯಿ ಬಡಕಿಗೆ ಬಾಯಿ ಬಂದಿತ್ತು.

ತಾಯಿಗೆ ಆದ ಸಂತೋಷ ಹೇಳತೀರದು. ಬಯಲಿಗೆ ಓಡಿ, "ನನ್ನ ಮಗಳು ಎದ್ದಳು! ಎದ್ದಳು ಕಣ್ರೇ!" ಅಂತ ಕೂಗಿದಳು.

ಯಾರೂ ತಲೆ ಎತ್ತಲಿಲ್ಲ. ಎಲ್ಲ ಈಳಿಗೆಗಳೂ ಒಟ್ಟಿಗೆ ಸರ್ ಸರ್ ಅನ್ನುತ್ತಿದ್ದವು. ಅವಳು ಗೆಳತಿಯ ತೋಳು ಹಿಡಿದು ಅಲ್ಲಾಡಿಸಿದಳು. "ನೋಡೇ, ಅಲ್ಲಿ ಬಾಗಿಲಲ್ಲಿ ನಿಂತಿದ್ದಾಳೆ."

ನೀಲಿ ರಾಶಿಯವಳು ಆ ಕಡೆ ನೋಡಲಿಲ್ಲ. "ದುಃಖ ಆದಾಗ ಹಂಗೆಲ್ಲ ಕಾಣತ್ತೆ ಕಣೇ," ಅಂದಳು. "ನಂಗೂ ಕಂಡಿತ್ತು." ಅವಳ ಕಣ್ಣಲ್ಲಿ ನೀರಿತ್ತು, ಅದು ಯಾಕೋ ನಾನು ಹೇಳಲಾರೆ. ತನ್ನ ಗಂಡ ಮೂರನೇ ದಿನ ಏಳದಿದ್ದುದಕ್ಕೂ ಇರಬಹುದು.

ತೆಪ್ಪದವನು ಬಂದ. ಜೊತೆಗೆ ನಾಲ್ವರು. ಹುಡುಗಿಯನ್ನು ಕಂಬಳಿ ಸಮೇತ ಎತ್ತಿದರು. "ನಾನು ಸತ್ತಿಲ್ಲ! ಸುಮ್ನೆ ಉಸಿರು ಹಿಡ್ಕೊಂಡಿದ್ದೆ! ಅಮ್ಮಾ, ಹೇಳೇ ಇವರಿಗೆ!" ಅಂತ ಅವಳು ಒದೆಯುತ್ತಿದ್ದಳು. ನಾಲ್ವರೂ ಕಲ್ಲಿನ ಮುಖ ಮಾಡಿಕೊಂಡು ನಡೆದರು. ತಾಯಿ ಯಜಮಾನನ ಕಾಲಿಗೆ ಬಿದ್ದಳು.

"ಬದುಕಿದ್ದಾಳೆ ಸ್ವಾಮಿ. ಕಣ್ಣಾರೆ ನೋಡಿ."

"ಮೂರು ಸಲ ನೀನೇ ಇಲ್ಲ ಅಂದೆಯಂತೆ."

"ಸುಳ್ಳು ಹೇಳಿದೆ. ತಪ್ಪಾಯ್ತು."

"ಸರಿ, ಬದುಕಿದ್ದಾಳೆ ಅಂತ್ಲೇ ಇಟ್ಕೋ." ಯಜಮಾನ ಅವಳನ್ನು ಮೆಲ್ಲಗೆ ಎಬ್ಬಿಸಿದ. "ಹಾಗಾದ್ರೆ ಕಂಬಳಿ ಬಿಚ್ಚಬೇಕು. ಬಿಚ್ಚಿದ್ರೆ ಅವಳು ತೊಡೋದೇನು? ಅವಳ ಅಂಗಿ ಎಲ್ಲಿ? ತೊಟ್ಟಿದ್ದ ಅಂಗೀನೇ ತಗೊಂಡು ಬಾ, ಮಗೂನ ಕರ್ಕೊಂಡು ಹೋಗು. ನಾನು ಬೇಡ ಅಂತೀನಾ?"

ಅವಳು ಮುಳ್ಳುರುಳೆಯ ಕೊಟ್ಟಿಗೆಗೆ ಓಡಿದಳು. ಅಲ್ಲಿ ಮಾಡಿನವರೆಗೆ ಅರಳೆ. ಕೆಂಪು, ಕೆಂಪು, ಕೆಂಪು. ಎರಡೂ ಕೈಯಿಂದ ಬಾಚಿ ಬಾಚಿ ಹುಡುಕಿದಳು. ತಾಕಿದರೆ ಸಾಕು ಎಲ್ಲ ಗೊತ್ತಾಗುವ ಬೆರಳುಗಳಿಗೆ ಏನೂ ಗೊತ್ತಾಗಲಿಲ್ಲ. ಮುಖ ತುಂಬ ನಾರು ಮೆತ್ತಿಕೊಂಡು ಹೊರಗೆ ಬಂದಾಗ ಹೊಳೆಯ ಕಡೆಯಿಂದ ಕೂಗು ಕೇಳಿಸುತ್ತಿತ್ತು.

"ನನ್ನ ಅಂಗಿ ಕೊಡ್ತೀನಿ," ಅಂದಳು. "ನನ್ನೇ ಆಚೆಗೆ ಕಳಿಸಿ. ಲೆಕ್ಕಕ್ಕೆ ಒಬ್ಬರು ತಾನೇ ಬೇಕು?"

"ನಿನ್ನನ್ನಾ? ಆ ಕೈಯನ್ನಾ?" ಯಜಮಾನನಿಗೆ ನಿಜವಾಗಿ ನೋವಾಯಿತು. "ಹಂಗೆಲ್ಲ ಮಾತಾಡಬೇಡ."

ಆಗ ಅವಳು ಆ ಊರಿನಲ್ಲಿ ಯಾರೂ ಮಾಡದ ಕೆಲಸ ಮಾಡಿದಳು. ತನ್ನ ಈಳಿಗೆಮಣೆಯನ್ನು ಮಗುಚಿ ಹಾಕಿದಳು. ಮಗುಚಿ ಅದರ ಮೇಲೆ ಕೂತಳು. "ಇನ್ನು ಈ ಕೈ ಒಂದು ಗುಂಡಿ ಕಿತ್ತರೆ ಕೇಳಿ," ಅಂದಳು. ಹಿಂದೆ ಕೆಂಪು ಗುಡ್ಡ ಎತ್ತರಕ್ಕೆ ನಿಂತಿತ್ತು, ಇನ್ನೂ ಹನ್ನೆರಡು ಲಾರಿ ದಾರಿಯಲ್ಲಿದ್ದವು. ಯಜಮಾನ ಗುಡ್ಡ ನೋಡಿದ, ಅವಳನ್ನು ನೋಡಿದ, ಗಡ್ಡ ಕೆರೆದುಕೊಂಡ.

"ಒಂದು ಕೆಲಸ ಮಾಡೋಣ," ಅಂದ. "ತೆಪ್ಪ ಆಗಲೇ ಹೊರಟಾಗಿದೆ, ಅದನ್ನ ತಿರುಗಿಸೋ ಹಾಗಿಲ್ಲ. ಆದರೆ ಕಂಬಳಿ ವಾಪಸು ತರಿಸಲ್ಲ. ಚಳಿ ಕಳೆಯೋವರೆಗೂ ಅವಳ ಮೈಮೇಲೇ ಇರಲಿ. ದಿನಾ ತೆಪ್ಪದಲ್ಲಿ ಎಡೆ ಕಳಿಸು, ಸತ್ತವರಿಗೆ ಅನ್ನ ಇಡಬೇಡ ಅಂತ ಯಾರೂ ಹೇಳಿಲ್ಲ. ಒಂದೇ ಒಂದು ಮಾತು. ಅವಳು ಕರೆದ್ರೆ ನೀನು ಓಗೊಡಬಾರದು. ತುಟಿ ಪಿಟಕ್ ಅನ್ನಬಾರದು. ಸತ್ತವರನ್ನ ಯಾರೂ ಮಾತಾಡಿಸಲ್ಲ. ಮಾತಾಡಿಸಿದ್ರೆ ಬದುಕಿದ್ದಾಳೆ ಅಂತಾಯ್ತು, ಬದುಕಿದ್ರೆ ಕಂಬಳಿ ಇಲ್ಲ. ಗೊತ್ತಾಯ್ತಾ?"

ಅವಳಿಗೆ ಗೊತ್ತಾಯಿತು. ಇನ್ನೊಂದೂ ಗೊತ್ತಿತ್ತು. ಬೇಸಿಗೆಗೆ ಹೊಳೆ ಮೊಣಕಾಲಿಗೆ ಇಳಿಯುತ್ತದೆ. ತನ್ನ ಕಾಲಮೇಲೆ ತಾನೇ ನಡೆದು ಬಂದವರಿಗೆ ಏನು ಮಾಡಬೇಕು ಅಂತ ಆ ಊರಿನಲ್ಲಿ ಕಟ್ಟಳೆಯೇ ಇರಲಿಲ್ಲ, ಯಾಕೆಂದರೆ ಹಾಗೆ ಬಂದವರೇ ಇಲ್ಲ. ಎರಡು ತಿಂಗಳು ಬಾಯಿ ಮುಚ್ಚಿಕೊಂಡಿದ್ದರೆ ಮಗಳು ಉಳಿಯುತ್ತಾಳೆ. ಅವಳು ಈಳಿಗೆಯನ್ನು ನೆಟ್ಟಗೆ ಮಾಡಿ ಕೂತಳು. ತೆಪ್ಪ ಆಚೆ ದಡ ಸೇರಿ ಬರಿದಾಗಿ ವಾಪಸು ಬಂತು. ಹುಡುಗಿಗೆ ಮಾತ್ರ ಈ ಒಪ್ಪಂದವನ್ನು ಯಾರೂ ಹೇಳಲಿಲ್ಲ. ಸತ್ತವರಿಗೆ ಹೇಳುವುದೇನು?

ಮರುದಿನ ಬೆಳಿಗ್ಗೆ ಮೊದಲ ಕೂಗು ಬಂತು. "ಅಮ್ಮಾ!"

ತಾಯಿ ತಲೆ ತಗ್ಗಿಸಿ ಸೀಳಿದಳು.

"ಅಮ್ಮಾ, ನಾನಿಲ್ಲಿದ್ದೀನಿ!"

ಸೀಳಿದಳು.

ದಿನಾ ಬೆಳಿಗ್ಗೆ ಹುಡುಗಿ ದಡಕ್ಕೆ ಬಂದು ನಿಲ್ಲುತ್ತಿದ್ದಳು. ಒಂದು ದಿನ ಅನ್ನಕ್ಕೆ ಉಪ್ಪು ಜಾಸ್ತಿಯಾಗಿದೆ ಅನ್ನುತ್ತಿದ್ದಳು. ಒಂದು ದಿನ ಇಲ್ಲಿ ತುಂಬ ಜನ ಮಲಗಿದ್ದಾರೆ, ಯಾರೂ ಏಳಲ್ಲ, ನಂಗೆ ಭಯ ಅನ್ನುತ್ತಿದ್ದಳು. ಒಂದು ದಿನ ಏನೇನೋ ತಪ್ಪು ಒಪ್ಪಿಕೊಂಡಳು, ಎಂದೋ ಗಂಜಿ ಚೆಲ್ಲಿದ್ದು, ಎಂದೋ ಸುಳ್ಳು ಹೇಳಿದ್ದು, ಇನ್ನು ಮಾಡಲ್ಲ, ಮಾತಾಡಿಸು ಅಂದಳು. ತಾಯಿ ಬಾಯಿಗೆ ಒಂದು ಹಿಡಿ ಚಿಂದಿ ತುರುಕಿಕೊಂಡು ಸೀಳಿದಳು. ಆ ದಿನಗಳಲ್ಲಿ ಕೆಂಪು ಗುಡ್ಡ ಕರಗಿದ ಹಾಗೆ ಹಿಂದೆಂದೂ ಕರಗಿರಲಿಲ್ಲ. ಯಜಮಾನ ಎಲ್ಲರಿಗೂ ಅವಳನ್ನೇ ತೋರಿಸಿ ಹೊಗಳಿದ.

ಹತ್ತೊಂಬತ್ತನೇ ದಿನವೂ ಮಂಜು ಬಿದ್ದಿತ್ತು. ಹೊಳೆಯ ಅಂಚಿನಲ್ಲಿ ಬಣ್ಣದ ನೀರು ಗಟ್ಟಿಯಾಗಿತ್ತು. ಬಿಸಿಲು ಬಂದು ಮಂಜು ಸರಿದಾಗ ಕೆಂಪು ರಾಶಿಯವಳು ಕಣ್ಣು ಎತ್ತಿದಳು. ಎತ್ತಬಾರದಿತ್ತು. ಇಷ್ಟು ದಿನ ಎತ್ತಿರಲಿಲ್ಲ.

ಮಂಜಿನಲ್ಲಿ ಅಮ್ಮನಿಗೆ ತಾನು ಕಾಣುತ್ತಿಲ್ಲ, ಅದಕ್ಕೇ ಅವಳು ಮಾತಾಡುತ್ತಿಲ್ಲ ಅಂತ ಹುಡುಗಿ ತೀರ್ಮಾನ ಮಾಡಿದ್ದಳು. ಮೈಮೇಲಿನ ಕಂಬಳಿಯನ್ನು ಬಿಚ್ಚಿ, ಎರಡು ಕೈಯಲ್ಲಿ ತಲೆಯ ಮೇಲೆ ಎತ್ತಿ ಹಿಡಿದು ಬೀಸುತ್ತಿದ್ದಳು. ಆ ಬೋಳು ದಡದಲ್ಲಿ, ಆ ಕೊರೆಯುವ ಗಾಳಿಯಲ್ಲಿ, ಒಂದು ನೂಲಿಲ್ಲದ ಮೈ. ಎಲುಬು ಎಣಿಸಬಹುದಿತ್ತು. ಕಾಲುಗಳು ತಡೆಯಿಲ್ಲದೆ ನಡುಗುತ್ತಿದ್ದವು.

"ಹೊದ್ಕೊಳ್ಳೇ!" ಅಂತ ಕಿರುಚಿದಳು ತಾಯಿ. "ಹೊದ್ಕೊಳ್ಳೇ ನನ್ನವ್ವಾ, ಚಳಿ!"

ಬಯಲಿನ ಈಳಿಗೆಗಳೆಲ್ಲ ನಿಂತವು. ನೀಲಿ ರಾಶಿಯವಳು ಎರಡು ಕೈಯಿಂದ ಬಾಯಿ ಮುಚ್ಚಿಕೊಂಡಳು. ಆಚೆ ದಡದಲ್ಲಿ ಹುಡುಗಿ ಕುಣಿದಾಡಿಬಿಟ್ಟಳು. "ಅಮ್ಮ ಮಾತಾಡಿದ್ಲು! ಅಮ್ಮ ಬೈದ್ಲು!" ಅಂತ ಕೂಗುತ್ತಾ, ತಾಯಿ ಹೇಳಿದಂತೆಯೇ ಕಂಬಳಿಯನ್ನು ಗಟ್ಟಿಯಾಗಿ ಸುತ್ತಿಕೊಂಡಳು.

ಯಜಮಾನ ಬಂದು ಕೆಂಪು ರಾಶಿಯವಳ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ. ಅವಳ ಬೆನ್ನ ಮೇಲೆ ಕೈಯಿಟ್ಟ. "ಇಷ್ಟು ದಿನ ತಡ್ಕೊಂಡಿದ್ದೆಯಲ್ಲ ತಾಯಿ," ಅಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಎದ್ದು ತೆಪ್ಪದವನಿಗೆ, "ಕಂಬಳಿ ತಾ," ಅಂತ ತಲೆ ಆಡಿಸಿದ.

ತೆಪ್ಪ ನೀರಿಗೆ ಇಳಿಯಿತು. ತಾಯಿಯನ್ನು ಆರು ಹೆಂಗಸರು ಹಿಡಿದುಕೊಂಡಿದ್ದರು. ಹತ್ತೊಂಬತ್ತು ದಿನದಲ್ಲಿ ಮೊದಲ ಸಲ ತೆಪ್ಪ ಎಡೆಯಿಲ್ಲದೆ, ಬರಿದಾಗಿ ತನ್ನ ಕಡೆ ಬರುತ್ತಿರುವುದನ್ನು ಹುಡುಗಿ ನೋಡಿದಳು. ತನ್ನನ್ನು ಕರೆದುಕೊಂಡು ಹೋಗುವುದಕ್ಕೇ ಬರುತ್ತಿದೆ ಅಂದುಕೊಂಡು, ಕಂಬಳಿ ಒದ್ದೆಯಾಗದ ಹಾಗೆ ಮೊಣಕಾಲಿನವರೆಗೆ ಎತ್ತಿ ಹಿಡಿದು, ನಗುತ್ತಾ ನೀರಿನವರೆಗೆ ಓಡಿ ಬಂದಳು.